ರಿಮೋಟ್ ಫ್ಯಾನೂ ನಮ್ಮನೆಯವಳ ಚಳಿಯೂ

ಹೋದ ಕಾರ್ತಿಕದಲ್ಲಿ ಮಾಗಡಿಯಲ್ಲಿ ನೆಂಟರ ಮದುವೆಯಿತ್ತು. ಮಂಡಿನೋವೆಂದು ನಮ್ಮನೆಯವಳು ಚನ್ನಪಟ್ಟಣದಲ್ಲೇ ಉಳಿದಳು, ನಾನೊಬ್ಬನೇ ಹೋದೆ. ಮಾರನೆಯ ಬೆಳಿಗ್ಗೆ ಬಂದು ನೋಡಿದರೆ, ಎರಡು ಕಂಬಳಿ ಹೊದ್ದು ಮುದುಡಿ ಕೂತಿದ್ದಾಳೆ. ಸೊಳ್ಳೆಗೆಂದು ಹಾಕಿದ ಫ್ಯಾನು ಮೇಲೆ ಗಿರ್ರನೆ ತಿರುಗುತ್ತಲೇ ಇದೆ.

"ಆರಿಸಬಾರದೇನೇ?" ಅಂದೆ.

"ರಿಮೋಟ್ ಸತ್ತುಹೋಗಿದೆ ಕಣ್ರೀ. ಗೋಡೆ ಸ್ವಿಚ್ ಮುಟ್ಟಬೇಡಿ ಅಂತ ನಿಮ್ಮ ಮಗ ಹೇಳಿದ್ದನಲ್ಲ!"

ಹೇಳಿದ್ದು ನಿಜ. ಗೋಡೆ ಸ್ವಿಚ್ ಆರಿಸಿಬಿಟ್ಟರೆ ರಿಮೋಟ್ ಎಷ್ಟು ಒತ್ತಿದರೂ ಫ್ಯಾನ್ ತಿರುಗುವುದಿಲ್ಲ, ಅದಕ್ಕೇ ಅವನು ಹಾಗೆ ಹೇಳಿದ್ದು. ರಿಮೋಟ್ ಕೈಕೊಟ್ಟಾಗ ಗೋಡೆ ಸ್ವಿಚ್ಚನ್ನೇ ಆರಿಸಬಹುದು, ಏನೂ ಕೆಡುವುದಿಲ್ಲ ಎಂಬ ಇನ್ನೊಂದು ಮಾತು ಬಿಟ್ಟುಹೋಗಿತ್ತು. ಅಷ್ಟಕ್ಕೆ ಅವಳು ರಾತ್ರಿಯೆಲ್ಲ ನಡುಗಿದಳು, ಎರಡು ದಿನ ಜ್ವರದಲ್ಲಿ ಮಲಗಿದಳು. ನನಗೂ ಅದು ಗೊತ್ತಿರಲಿಲ್ಲ, ಆದ್ದರಿಂದ ಮಗನನ್ನು ಬೈಯುವ ಹಾಗೂ ಇರಲಿಲ್ಲ.

ಭಾನುವಾರ ರಾಮನಗರದಿಂದ ಮೊಮ್ಮಗ ಬಂದ. ಏಳನೇ ಕ್ಲಾಸು. ಫೋನಿನ ಕ್ಯಾಮೆರಾ ತೆರೆದು, "ತಾತ, ರಿಮೋಟಿನ ಮೂತಿ ಇದಕ್ಕೆ ತೋರಿಸಿ ಗುಂಡಿ ಒತ್ತು" ಅಂದ. ಏನೂ ಕಾಣಲಿಲ್ಲ. ಹೊಸ ಸೆಲ್ಲು ಎರಡು ಹಾಕಿ ಒತ್ತಿದಾಗ ಪರದೆಯಲ್ಲಿ ನೇರಳೆ ಚುಕ್ಕಿಯೊಂದು ಮಿಣಮಿಣ ಅಂದಿತು. ಬರಿಗಣ್ಣಿಗೆ ಮಾತ್ರ ಕತ್ತಲೆಯೇ. ಅದು ಅವಕೆಂಪು ಬೆಳಕಂತೆ, ನಮ್ಮ ಕಣ್ಣಿಗೆ ಕಾಣದು, ಕ್ಯಾಮೆರಾಕ್ಕೆ ಕಾಣುತ್ತದೆ. ಕೆಲವು ಫೋನುಗಳಲ್ಲಿ ಹಿಂದಿನ ಕ್ಯಾಮೆರಾಕ್ಕೆ ಕಾಣದೆ ಮುಂದಿನದಕ್ಕೆ ಮಾತ್ರ ಕಾಣುವುದೂ ಉಂಟು. ಬೆಳಕೇ ಆದ್ದರಿಂದ ಕಂಬಳಿಯೊಳಗಿಂದ ಒತ್ತಿದರೆ ಫ್ಯಾನಿಗೆ ತಲುಪುವುದಿಲ್ಲ. ಹಳೇ ಸೆಲ್ಲು ಸೋರಿ ಸ್ಪ್ರಿಂಗಿಗೆ ಬಿಳಿ ಪುಡಿ ಹಿಡಿದಿತ್ತು. ಒಣಬಟ್ಟೆಯಲ್ಲಿ ಒರೆಸಿ ಕೈ ತೊಳೆದೆವು. ಹಳೆಯದು ಒಂದು, ಹೊಸದು ಒಂದು ಸೇರಿಸಿ ಹಾಕುವ ಜಿಪುಣತನ ಬೇಡ.

ಫ್ಯಾನೇನೋ ಒಳ್ಳೆಯದೇ. ನಮ್ಮ ಹಳೆಯದು 75 ವಾಟ್ ಎಳೆಯುತ್ತಿತ್ತು, ಇದು ಪೂರ್ತಿ ವೇಗದಲ್ಲೂ 30ರ ಆಸುಪಾಸು. ವೇಗ ಬದಲಿಸುವ ಸರ್ಕ್ಯೂಟ್ ಫ್ಯಾನಿನೊಳಗೇ ಇದೆ. ಅದಕ್ಕೇ ಎಲೆಕ್ಟ್ರಿಷಿಯನ್ ಗೋಡೆಯ ಹಳೇ ರೆಗ್ಯುಲೇಟರ್ ತೆಗೆದುಹಾಕಿದ.

ಇತ್ತೀಚೆಗೆ ಅದು ಸ್ವಲ್ಪ ತೂರಾಡುತ್ತಿತ್ತು. ಲೇತಿನ ಮೇಲೆ ಹಾಲೆ ಮರ ತಿರುಗಿಸಿ ಬೊಂಬೆ ಮಾಡಿದ ಕೈ ನನ್ನದು, ತಿರುಗುವ ವಸ್ತುವಿನ ಸ್ವಭಾವ ನನಗೆ ಗೊತ್ತು. ತೂಕ ಒಂದು ಕಡೆ ಹೆಚ್ಚಾದರೆ ಬುಗುರಿಯೂ ತೂರಾಡುತ್ತದೆ. ನೋಡಿದರೆ ರೆಕ್ಕೆಗಳ ಮೇಲೆ ಧೂಳಿನ ಪದರ. ಮೇನ್ ಆರಿಸಿ, ಫ್ಯಾನ್ ಪೂರ್ತಿ ನಿಂತ ಮೇಲೆ ಮಗ ಏಣಿ ಹತ್ತಿದ. ಹಳೇ ದಿಂಬಿನ ಗವಸನ್ನು ರೆಕ್ಕೆಗೆ ತೊಡಿಸಿ, ಇನ್ನೊಂದು ಕೈಯಲ್ಲಿ ರೆಕ್ಕೆಯನ್ನು ಮೆಲ್ಲಗೆ ಆನಿಸಿ ಹಿಡಿದು ಎಳೆದ. ಧೂಳೆಲ್ಲ ಗವಸಿನೊಳಗೆ. ರೆಕ್ಕೆ ಬಾಗಿದರೂ ತೂರಾಟವೇ, ಆದ್ದರಿಂದ ಒತ್ತಿ ಉಜ್ಜಬಾರದು.

ರಿಮೋಟ್ ಇಡಲು ಹಾಲೆ ಮರದ ಗೂಡೊಂದು ಮಾಡಿ, ಕೆಂಪು ಅರಗು ಹಚ್ಚಿ, ಹಾಸಿಗೆಯ ಪಕ್ಕಕ್ಕೇ ಹೊಡೆದೆ. ಮೊಮ್ಮಗ ಗೋಡೆ ಸ್ವಿಚ್ಚಿನ ಪಕ್ಕ ಚೀಟಿ ಅಂಟಿಸಿದ: "ಅಜ್ಜಿ, ಇದನ್ನೂ ಆರಿಸಬಹುದು."

ಈಗ ಅವಳು ಅದೊಂದನ್ನೇ ಆರಿಸುತ್ತಾಳೆ. ಮಧ್ಯಾಹ್ನ ಮಲಗಿ ರಿಮೋಟ್ ಒತ್ತಿ ಒತ್ತಿ, ಕೊನೆಗೆ ಎದ್ದು ಗೋಡೆಯ ಹತ್ತಿರ ಹೋಗುವುದು ನನ್ನ ಪಾಲಿಗೆ ಬಂದಿದೆ.