ಮೂರು ಗಂಟೆಯೊಳಗೆ

ಮುಟ್ಟಿನ ವಿಷಯ ಬರೆಯಲು ಮೊದಲೆಲ್ಲ ಸಂಕೋಚವಾಗುತ್ತಿತ್ತು. ಈಗ ವಯಸ್ಸಾಯಿತು, ಯಾರೇನು ಅಂದುಕೊಂಡರೂ ಚಿಂತೆಯಿಲ್ಲ. ನಲವತ್ತೈದರ ಆಸುಪಾಸಿನಲ್ಲಿ ತಿಂಗಳು ತಿಂಗಳೂ ವಿಪರೀತ ರಕ್ತ ಹೋಗಿ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುವಂತಾದಾಗ ಡಾಕ್ಟರಮ್ಮ ಬರೆದುಕೊಟ್ಟದ್ದು ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಮಾತ್ರೆ. ಹೆಸರು ಕೇಳಿ ನನಗೆ ಬಚ್ಚಲು ತೊಳೆಯುವ ಆಸಿಡ್ಡೇ ನೆನಪಾಗಿತ್ತು! ನಿಮ್ಮಲ್ಲೂ ಕೆಲವರಿಗೆ ಅದರ ಪರಿಚಯ ಇದ್ದೀತು.

ಹೋದ ವರ್ಷ ನನ್ನ ಓರಗಿತ್ತಿ ಸ್ಕೂಟರಿನ ಹಿಂದಿನಿಂದ ಬಿದ್ದಳು. ಸೀರೆ ಉಟ್ಟು ಒಂದೇ ಕಡೆಗೆ ಕಾಲು ಹಾಕಿ ಕೂತಿದ್ದಳು, ರೋಡ್ ಹಂಪ್ ಬಂತು, ಅಷ್ಟೇ. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯವೆಂದು ಕರ್ನಾಟಕದಲ್ಲಿ 2016ರಲ್ಲೇ ಆಜ್ಞೆಯಾಗಿದೆ. ಆದರೆ ತುರುಬಿನ ಮೇಲೆ ಅದು ಕೂರಬೇಕಲ್ಲ! ಆಸ್ಪತ್ರೆಯಲ್ಲಿ ಅವಳಿಗೂ ಇದೇ ಔಷಧಿಯನ್ನು ಇಂಜೆಕ್ಷನ್ ಕೊಟ್ಟರು. ಮುಟ್ಟಿನ ಮಾತ್ರೆ ತಲೆಗೇಕೆ?

ಭೌತಶಾಸ್ತ್ರ ಪಾಠ ಮಾಡುವ ನನ್ನ ಮಗ ಹೇಳಿದ: ಬಸ್ಸು ಗಕ್ಕನೆ ನಿಂತರೆ ನಾವು ಮುಗ್ಗರಿಸುತ್ತೇವಲ್ಲ, ಹಾಗೆ ಬುರುಡೆ ನೆಲಕ್ಕೆ ಬಡಿದು ನಿಂತರೂ ಒಳಗಿನ ಮಿದುಳು ನಿಲ್ಲುವುದಿಲ್ಲ. ವೇಗ ಎರಡರಷ್ಟಾದರೆ ಪೆಟ್ಟಿನ ಶಕ್ತಿ ನಾಲ್ಕರಷ್ಟು. ಹೆಲ್ಮೆಟ್ಟಿನೊಳಗಿನ ಥರ್ಮೋಕೋಲ್ ತಾನು ಜಜ್ಜಿಹೋಗಿ, ತಲೆ ನಿಲ್ಲುವುದಕ್ಕೆ ಚೂರು ಹೆಚ್ಚು ಸಮಯ ಕೊಡುತ್ತದೆ. ಅದಿಲ್ಲದಿದ್ದರೆ ಒಳಗೆ ಸಣ್ಣ ನಾಳಗಳು ಹರಿದು ರಕ್ತ ಜಿನುಗಬಹುದು. ಮುಚ್ಚಿದ ಬುರುಡೆಯಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ, ಮಿದುಳನ್ನೇ ಒತ್ತುತ್ತದೆ. ಕಟ್ಟಿದ ಹೆಪ್ಪು ಕರಗದಂತೆ ಈ ಔಷಧಿ ತಡೆಯುತ್ತದೆ.

29 ದೇಶಗಳ 12,737 ಗಾಯಾಳುಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2019ರಲ್ಲಿ ಬಂತು. ಪೆಟ್ಟು ತೀರಾ ಭಾರಿಯಲ್ಲದವರಿಗೆ ಮೂರು ಗಂಟೆಯೊಳಗೆ ಕೊಟ್ಟಾಗ, ತಲೆಯ ಗಾಯದಿಂದಾಗುವ ಸಾವು ನೂರಕ್ಕೆ 7.5ರಿಂದ 5.8ಕ್ಕೆ ಇಳಿದಿತ್ತು. ತುಂಬ ಭಾರಿ ಪೆಟ್ಟಿಗೆ ಈ ಗುಣ ಕಾಣಲಿಲ್ಲ. ಓರಗಿತ್ತಿಯನ್ನು ಒಂದೂವರೆ ಗಂಟೆಯಲ್ಲಿ ತಲುಪಿಸಿದ್ದರು. ಉಳಿದಳು. ಒಗ್ಗರಣೆಯ ವಾಸನೆ ಮಾತ್ರ ಇನ್ನೂ ತಿಳಿಯುವುದಿಲ್ಲ. ಸಾರಿಗೆ ಇಂಗು ಹಾಕಿ ಮಗಳನ್ನು ಕರೆದು ಮೂಸಲು ಹೇಳುತ್ತಾಳೆ.

ಈ ಔಷಧಿ ಕಂಡುಹಿಡಿದವರು ಜಪಾನಿನ ಉಟಾಕೊ ಒಕಾಮೊಟೊ, ಅವರ ಗಂಡ ಶೊಸುಕೆ. ಮಹಾಯುದ್ಧ ಮುಗಿದು ದೇಶ ಬಡವಾಗಿದ್ದ ಕಾಲ. ರಕ್ತದ ಮೇಲೇ ಏಕೆ ಸಂಶೋಧನೆ ಅಂದರೆ, ದುಡ್ಡಿಲ್ಲದಿದ್ದರೆ ತಮ್ಮದೇ ರಕ್ತ ಇದೆಯಲ್ಲ ಎಂದು! ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಆಕೆ ಪ್ರಯೋಗಾಲಯದಲ್ಲಿ ದುಡಿದರು. ಸಭೆಯಲ್ಲಿ ಮಾತಾಡಲು ನಿಂತರೆ ಗಂಡಸರು ನಕ್ಕರು. 1962ರಲ್ಲಿ ಔಷಧಿ ಪ್ರಕಟವಾಯಿತು. ಹೆರಿಗೆಯ ರಕ್ತಸ್ರಾವಕ್ಕೆ ಕೊಟ್ಟು ನೋಡಿ ಎಂದು ಆಕೆ ಕೇಳಿಕೊಂಡರೂ ಅವರೂರಿನ ಹೆರಿಗೆ ವೈದ್ಯರು ಒಪ್ಪಲಿಲ್ಲ. ಕೊನೆಗೆ ಇಪ್ಪತ್ತು ಸಾವಿರ ಬಾಣಂತಿಯರ ಮೇಲೆ ದೊಡ್ಡ ಪರೀಕ್ಷೆ ನಡೆಯಿತು. ಮೂರು ಗಂಟೆಯೊಳಗೆ ಕೊಟ್ಟವರಲ್ಲಿ, ರಕ್ತಸ್ರಾವದ ಸಾವು ಸುಮಾರು ಮೂರನೇ ಒಂದು ಪಾಲು ಕಡಿಮೆಯಾಗಿತ್ತು. ಇದು ತಿಳಿದದ್ದು 2017ರಲ್ಲಿ. ಉಟಾಕೊ ಅದರ ಹಿಂದಿನ ವರ್ಷವೇ, 98ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ನನ್ನ ಚಿಕ್ಕಮ್ಮ 1971ರಲ್ಲಿ ಹೆತ್ತ ಮೂರನೇ ತಾಸಿಗೆ ಹೋದಳು. ಚಾಪೆ, ಗೋಣಿ ಎಲ್ಲ ತೊಯ್ದಿತ್ತೆಂದು ಅಜ್ಜಿ ಹೇಳುತ್ತಿದ್ದರು. ಔಷಧಿ ಕೈಗೆ ಸಿಕ್ಕಿದ್ದರೂ ಉಳಿಯುತ್ತಿದ್ದಳೋ ಇಲ್ಲವೋ, ಯಾರು ಹೇಳಬೇಕು? ಆದರೆ ಆಗ ಅದಕ್ಕೆ ಒಂಬತ್ತು ವರ್ಷವಾಗಿತ್ತು. ಆ ಮಗು, ನನ್ನ ತಂಗಿ, ಅಜ್ಜಿಯ ಕೈಯಲ್ಲಿ ಮೇಕೆ ಹಾಲು ಕುಡಿದು ಬೆಳೆದಳು.