ಭೂತದ ಸಿನಿಮಾಕ್ಕೊಂದು ಪತ್ರಿಕೆ

ಭೂತದ ಕಥೆಗೆ ನಮ್ಮ ಹಿರೇಕೆರೂರ ಕಡೆ ಎಂದೂ ಬರ ಬಂದಿಲ್ಲ. ಒಂದು ಹುಣಸೆಮರ, ಒಂದು ಹಾಳುಬಾವಿ ಸಿಕ್ಕರೆ ಸಾಕು, ಊಟವಾದ ಮೇಲೆ ಕಟ್ಟೆಯಲ್ಲಿ ತಾಸೆರಡು ತಾಸು ಸರಿದದ್ದೇ ತಿಳಿಯುವುದಿಲ್ಲ. ಹೇಳುವವರು ಬೇಕಾದಷ್ಟು ಜನ, ಬರೆದಿಡುವವರು ಮಾತ್ರ ಇಲ್ಲ. ಅದಕ್ಕೇ ನನಗೆ ರಿಚರ್ಡ್ ಕ್ಲೆಮೆನ್ಸೆನ್ ಮೇಲೆ ಅಷ್ಟು ಗೌರವ.

ಅವರ ಊರು ಅಮೆರಿಕದ ಅಯೋವಾ ರಾಜ್ಯದ ಡಿ ಮಾಯ್ನ್. ನಮ್ಮ ಹಾವೇರಿ ಜಿಲ್ಲೆಯ ಹಾಗೆ ಅದೂ ಗೋವಿನಜೋಳದ ಸೀಮೆ. ಅಲ್ಲಿ ಕೂತು 1972ರಲ್ಲಿ ಅವರು 'ಲಿಟಲ್ ಶಾಪ್ ಆಫ್ ಹಾರರ್ಸ್' ಎಂಬ ಪತ್ರಿಕೆ ಶುರುಮಾಡಿದರು. ವಿಷಯ ಮಾತ್ರ ಸಮುದ್ರದಾಚೆಯದು: ಇಂಗ್ಲೆಂಡಿನ ಹ್ಯಾಮರ್ ಕಂಪನಿಯ ಭಯಾನಕ ಚಿತ್ರಗಳು. 1957ರ ಫ್ರಾಂಕೆನ್‌ಸ್ಟೈನ್, 1958ರ ಡ್ರಾಕುಲಾ ಎಂದರೆ ಹಳಬರಿಗೆ ಗೊತ್ತು. ಪೀಟರ್ ಕುಶಿಂಗ್, ಕ್ರಿಸ್ಟೋಫರ್ ಲೀ ಇಬ್ಬರನ್ನೂ ಲೋಕಕ್ಕೆಲ್ಲ ಪರಿಚಯಿಸಿದ ಚಿತ್ರಗಳವು. ಥೇಮ್ಸ್ ದಂಡೆಯ ಬ್ರೇ ಎಂಬಲ್ಲಿ ಒಂದು ಹಳೆಯ ಬಂಗಲೆಯೇ ಹ್ಯಾಮರ್ ಕಂಪನಿಯ ಸ್ಟುಡಿಯೊ ಆಗಿತ್ತು. ದುಡ್ಡು ಕಡಿಮೆ. ಬರ್ನಾರ್ಡ್ ರಾಬಿನ್ಸನ್ ಎಂಬ ಕಲಾನಿರ್ದೇಶಕ ಇದ್ದ ಗೋಡೆ, ಇದ್ದ ಮೆಟ್ಟಿಲನ್ನೇ ತಿರುಗಾಮುರುಗಾ ಮಾಡಿ ಹೊಸ ಕೋಟೆ ಕಟ್ಟುತ್ತಿದ್ದ. 1966ರಲ್ಲಿ ತೆರೆಕಂಡ ಎರಡು ಚಿತ್ರಗಳನ್ನಂತೂ ಒಂದೇ ಸೆಟ್ಟಿನಲ್ಲಿ ಒಂದರ ಬೆನ್ನಿಗೇ ಇನ್ನೊಂದನ್ನು ತೆಗೆದಿದ್ದರು.

ಇಂಥ ಸಂಗತಿ ಉಳಿದದ್ದು ಅಭಿಮಾನಿಗಳು ಬೆನ್ನುಹತ್ತಿ ಕೇಳಿದ್ದರಿಂದ. ಕ್ಲೆಮೆನ್ಸೆನ್ ನಟರಲ್ಲಿಗೇ ನಿಲ್ಲಲಿಲ್ಲ. ಚಿತ್ರಕಥೆ ಬರೆದವರು, ಸಂಗೀತ ಕೊಟ್ಟವರು, ಬಣ್ಣ ಹಚ್ಚಿದವರು, ಎಲ್ಲರ ಮಾತೂ ಆ ಪುಟಗಳಿಗೆ ಬಂತು. ಸಂಚಿಕೆ ಯಾವಾಗ ಬರುತ್ತದೋ ಹೇಳುವಂತಿರಲಿಲ್ಲ. ಬಂದಾಗ ಒಂದು ಪುಸ್ತಕದಷ್ಟು ದಪ್ಪ.

ಹ್ಯಾಮರ್‌ನವರು ನಮ್ಮ ದೇಶದ ಠಕ್ಕರನ್ನೂ ಬಿಟ್ಟಿಲ್ಲ. 1959ರಲ್ಲಿ 'ದಿ ಸ್ಟ್ರ್ಯಾಂಗ್ಲರ್ಸ್ ಆಫ್ ಬಾಂಬೆ' ತೆಗೆದರು. ಅದೇ ಠಕ್ಕರ ಮೇಲೆ 1839ರಲ್ಲೇ ಕಾದಂಬರಿ ಬರೆದ ಮೆಡೋಸ್ ಟೇಲರ್ ಆಮೇಲೆ ನಮ್ಮ ಸುರಪುರದ ಆಡಳಿತ ನೋಡಿದವನು. ಭಯದ ದಾರಿ ಎಲ್ಲಿಂದ ಎಲ್ಲಿಗೆ ಕೂಡುತ್ತದೆ ನೋಡಿ!

ಇನ್ನು ನಮ್ಮ 'ನಾ ನಿನ್ನ ಬಿಡಲಾರೆ'. 1979ರ ಕನ್ನಡದ ಭೂತದ ಚಿತ್ರ. ನಟಿಸಿದ ಅನಂತನಾಗ್, ಲಕ್ಷ್ಮಿ, ಸಂಗೀತ ಕೊಟ್ಟ ರಾಜನ್-ನಾಗೇಂದ್ರ ಎಲ್ಲರ ಬಾಯಲ್ಲೂ ಇದ್ದಾರೆ. ಆದರೆ ಪರದೆಯ ಮೇಲಿನ ಮುಖಗಳಿಗೆ ಆ ಭಯ ತಂದ ಪ್ರಸಾಧನ ಯಾರದು, ಬೆಳಕು ಹೊಂದಿಸಿದವರು ಯಾರು? ಚಿತ್ರ ನೋಡಿ ರಾತ್ರಿ ಹೊರಗೆ ಹೋಗಲು ಹೆದರಿದ ನಾವು ಅವರ ಹೆಸರು ಕೇಳಲಿಲ್ಲ. ಇದು ನನಗೆ ದೊಡ್ಡ ನಷ್ಟವೆಂದೇ ಅನಿಸುತ್ತದೆ.

ಹೀಗೆ ಕೇಳಿ ಬರೆದಿಡುವ ಕೆಲಸಕ್ಕೆ ಬೆಂಗಳೂರೇ ಬೇಕೆಂದಿಲ್ಲ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಜನರಿಗೆ ಜಗತ್ತಿನ ಸಿನಿಮಾ ತೋರಿಸಿದರು. ಹಿರೇಕೆರೂರಿನಲ್ಲಿ ನಾಲ್ಕು ಹುಡುಗರು ಸೇರಿ ಮೂವತ್ತು ಪುಟದ ಪತ್ರಿಕೆ ತರಲಾಗದೆ? ರಟ್ಟೀಹಳ್ಳಿ, ಹಂಸಭಾವಿ, ಮಾಸೂರಿನ ಕಡೆ ಟೆಂಟ್ ಟಾಕೀಸಿನಲ್ಲಿ ರೀಲು ತಿರುಗಿಸಿದವರು ನಿಮ್ಮ ಓಣಿಯಲ್ಲಿದ್ದರೆ, ಮೊದಲು ಹೋಗಿ ಅವರ ಮಾತು ಬರೆದುಕೊಳ್ಳಿ.