ಮೈಲೇಜು ಎಲ್ಲಿ ಹೋಯ್ತು?

ನಮ್ಮೂರ ಕಡೆ ಯಾರಾದ್ರೂ ಹೊಸ ಗಾಡಿ ತಗೊಂಡ್ರೆ ಬಣ್ಣ, ಬೆಲೆ ಕೇಳೋಕೆ ಮುಂಚೆ ಕೇಳೋ ಪ್ರಶ್ನೆ ಒಂದೇ, 'ಎಷ್ಟು ಕೊಡುತ್ತೆ?'. ಇಲ್ಲಿ ನ್ಯೂಜೆರ್ಸಿಯಲ್ಲಿ ನಾನು ಕಾರು ತಗೊಂಡಾಗ ಆಫೀಸಿನಲ್ಲಿ ಒಬ್ಬರೂ ಆ ಪ್ರಶ್ನೆ ಕೇಳಲಿಲ್ಲ. ಕೇಳಿದ್ದು ಸಾಗರದಿಂದ ಅಪ್ಪ ಮಾತ್ರ. ಇಪ್ಪತ್ತೈದು ವರ್ಷ ಖಾಸಗಿ ಬಸ್ಸು ಓಡಿಸಿದವರು, ಬೇರೆ ಇನ್ನೇನು ಕೇಳ್ತಾರೆ ಹೇಳಿ?

ಅವರಿಗೆ ಉತ್ತರ ಕೊಡಬೇಕು ಅಂತಲೇ ನಾನೊಂದು ಎಕ್ಸೆಲ್ ಶೀಟ್ ಶುರು ಮಾಡಿದ್ದು. ಪ್ರತಿ ಸಲ ಟ್ಯಾಂಕ್ ತುಂಬಿಸಿದಾಗ ಎಷ್ಟು ಮೈಲಿ ಓಡಿತು, ಎಷ್ಟು ಗ್ಯಾಲನ್ ಹಿಡಿಸಿತು ಅಂತ ಬರೆಯೋದು. ಒಂದು ಗ್ಯಾಲನ್ ಅಂದ್ರೆ 3.785 ಲೀಟರ್, ಒಂದು ಮೈಲಿ ಅಂದ್ರೆ 1.609 ಕಿಲೋಮೀಟರ್. ಹಾಗಾಗಿ ಗ್ಯಾಲನ್‌ಗೆ 29 ಮೈಲಿ ಅಂದ್ರೆ ಲೀಟರಿಗೆ ಹನ್ನೆರಡು ಚಿಲ್ಲರೆ ಕಿಲೋಮೀಟರ್. 'ಪೆಟ್ರೋಲ್ ಗಾಡಿಗೆ ಪರವಾಗಿಲ್ಲ' ಅಂದಿದ್ರು ಅಪ್ಪ. ಅವರ ಬಾಯಲ್ಲಿ ಪರವಾಗಿಲ್ಲ ಅಂದ್ರೆ ಫಸ್ಟ್ ಕ್ಲಾಸ್ ಅಂತ ಅರ್ಥ.

ಕಳೆದ ಚಳಿಗಾಲದಲ್ಲಿ ಆ ಶೀಟು ಕೈ ಕೊಡೋಕೆ ಶುರುವಾಯ್ತು. ಅಕ್ಟೋಬರ್‌ನಲ್ಲಿ 29 ಇದ್ದದ್ದು ನವೆಂಬರ್‌ನಲ್ಲಿ 27, ಡಿಸೆಂಬರ್‌ನಲ್ಲಿ 24, ಜನವರಿ ಬರೋ ಹೊತ್ತಿಗೆ 22! ದುಡ್ಡಿನ ಲೆಕ್ಕದಲ್ಲಿ ನೋಡಿದ್ರೆ ಅಂಥಾ ದೊಡ್ಡದೇನಲ್ಲ, ವಾರಕ್ಕೆ 200 ಮೈಲಿ ಓಡಿಸೋನಿಗೆ ಎರಡು ಗ್ಯಾಲನ್ ಜಾಸ್ತಿ, ಅಷ್ಟೇ. ಆದ್ರೆ ಹಗಲೆಲ್ಲ ಬೇರೆಯವರ ಕೋಡಿನಲ್ಲಿ ಬಗ್ ಹುಡುಕಿ ಸಂಬಳ ತಗೊಳೋ ಮನುಷ್ಯ ತನ್ನ ಮನೆ ಮುಂದೆ ನಿಂತಿರೋ ಬಗ್ಗನ್ನ ನೋಡಿಯೂ ಸುಮ್ಮನೆ ಇರೋಕಾಗುತ್ತಾ?

ಮೊದಲು ಅಳತೆಯ ಮೇಲೇ ಅನುಮಾನ ಬಂತು. ನ್ಯೂಜೆರ್ಸಿಯಲ್ಲಿ 1949ರ ಕಾನೂನಿನ ಪ್ರಕಾರ ನಮ್ಮ ಗಾಡಿಗೆ ನಾವೇ ಪೆಟ್ರೋಲ್ ಹಾಕಿಕೊಳ್ಳೋ ಹಾಗಿಲ್ಲ, ಬಂಕಿನವನೇ ಬಂದು ಹಾಕಬೇಕು. ಹಡ್ಸನ್ ನದಿ ದಾಟಿ ನ್ಯೂಯಾರ್ಕಿಗೆ ಹೋದ್ರೆ ನಾವೇ ಹಾಕಿಕೊಳ್ಳಬಹುದು. ಬಂಕಿನವರಲ್ಲಿ ಒಬ್ಬ ಪಂಪು ತಾನಾಗಿ ನಿಂತ ತಕ್ಷಣ ತೆಗೀತಾನೆ, ಇನ್ನೊಬ್ಬ ಚಿಲ್ಲರೆ ಸರಿ ಮಾಡೋಕೆ ಇನ್ನಷ್ಟು ತುರುಕ್ತಾನೆ. ಹಾಗಾಗಿ ಒಂದು ಟ್ಯಾಂಕಿನ ಲೆಕ್ಕ ನಂಬೋ ಹಾಗಿಲ್ಲ. ಮೂರು ಮೂರು ಟ್ಯಾಂಕಿನ ಸರಾಸರಿ ತೆಗೆದೆ. ಆದ್ರೂ ಗೆರೆ ಕೆಳಗೇ ಇಳೀತಿತ್ತು.

ಎರಡನೇ ಆರೋಪಿ, ಚಳಿ. ಇದರ ಮೇಲೆ ಕೇಸು ಗಟ್ಟಿಯಾಗಿಯೇ ಇತ್ತು. ಅಮೆರಿಕ ಸರ್ಕಾರದ ಇಂಧನ ದಕ್ಷತೆಯ ಮಾಹಿತಿ ಪ್ರಕಾರ, ಊರೊಳಗೆ ಓಡಾಡುವಾಗ 77 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಬರೋ ಮೈಲೇಜು 20 ಡಿಗ್ರಿಯಲ್ಲಿ, ಅಂದ್ರೆ ನಮ್ಮ ಲೆಕ್ಕದಲ್ಲಿ ಮೈನಸ್ ಏಳರಲ್ಲಿ, ಸುಮಾರು ಶೇಕಡಾ 15 ಕಡಿಮೆಯಾಗುತ್ತೆ. ಮೂರು-ನಾಲ್ಕು ಮೈಲಿಯ ಸಣ್ಣ ಓಡಾಟವಾದ್ರೆ ಶೇಕಡಾ 24ರವರೆಗೂ ಹೋಗಬಹುದು. ಆಯಿಲ್ ಗಟ್ಟಿಯಾಗಿರುತ್ತೆ, ಎಂಜಿನ್ ಬಿಸಿಯಾಗೋಕೆ ಹೊತ್ತು ಹಿಡಿಯುತ್ತೆ, ತಣ್ಣನೆ ಗಾಳಿ ದಟ್ಟವಾಗಿರೋದ್ರಿಂದ ಸೀಳ್ಕೊಂಡು ಹೋಗೋಕೆ ಶಕ್ತಿ ಜಾಸ್ತಿ ಬೇಕು, ಸಾಲದ್ದಕ್ಕೆ ಚಳಿಗಾಲಕ್ಕೆ ಅಂತ ಮಾರೋ ಪೆಟ್ರೋಲಿನಲ್ಲಿ ಶಕ್ತಿಯೂ ಸ್ವಲ್ಪ ಕಡಿಮೆ. ಎಲ್ಲಾ ಸರಿ. ಆದ್ರೆ ನನ್ನ ಹತ್ತಿರ ಹಿಂದಿನ ಎರಡು ಚಳಿಗಾಲದ ಲೆಕ್ಕ ಇತ್ತಲ್ಲ? ಎರಡರಲ್ಲೂ 26ಕ್ಕಿಂತ ಕೆಳಗೆ ಹೋಗಿರಲಿಲ್ಲ. ಅಂದ್ರೆ 29ರಿಂದ 26ರವರೆಗಿನದು ಚಳಿಯ ಪಾಲು. ಮಿಕ್ಕ ನಾಲ್ಕು ಯಾರು ತಿಂದ್ರು?

ಟೈರಿನ ಗಾಳಿ ನೋಡಿದೆ. ಹತ್ತು ಡಿಗ್ರಿ ಫ್ಯಾರನ್‌ಹೀಟ್ ಇಳಿದ್ರೆ ಸುಮಾರು ಒಂದು ಪಿಎಸ್‌ಐ ಗಾಳಿ ಇಳಿಯುತ್ತೆ. 33 ಇರಬೇಕಾದ್ದು 28 ಇತ್ತು. ಕಾರಿನಲ್ಲಿ ದೀಪ ಯಾಕೆ ಹತ್ತಲಿಲ್ಲ ಅಂದ್ರೆ, ಕಾನೂನಿನ ಪ್ರಕಾರ ಅದು ಶೇಕಡಾ 25 ಇಳಿದ ಮೇಲೆ ಹತ್ತಿದ್ರೆ ಸಾಕು. ಗಾಳಿ ತುಂಬಿಸಿದೆ. ಆದ್ರೆ ಒಂದು ಪಿಎಸ್‌ಐಗೆ ಮೈಲೇಜು ಕಡಿಮೆಯಾಗೋದು ಶೇಕಡಾ 0.2ರಷ್ಟು ಮಾತ್ರ. ಸಮುದ್ರದಲ್ಲಿ ಉಪ್ಪು ಹುಡುಕಿದ ಹಾಗಾಯ್ತು. ಏರ್ ಫಿಲ್ಟರ್ ಬದಲಾಯಿಸಿದೆ. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಫಿಲ್ಟರ್ ಕೊಳೆಯಾದ್ರೆ ಪಿಕಪ್ಪು ಹೋಗುತ್ತೇ ಹೊರತು ಮೈಲೇಜು ಹೋಗಲ್ಲ ಅಂತ ಆಮೇಲೆ ಗೊತ್ತಾಯ್ತು. ಹದಿನೈದು ಡಾಲರ್ ದಂಡ!

1996ರಿಂದ ಈಚೆಗೆ ಇಲ್ಲಿ ಮಾರೋ ಎಲ್ಲಾ ಕಾರುಗಳಲ್ಲೂ ಸ್ಟೇರಿಂಗ್ ಕೆಳಗೆ ಒಂದು ಒಬಿಡಿ ಕಿಂಡಿ ಇರುತ್ತೆ. ಅದಕ್ಕೊಂದು ಸಣ್ಣ ಡಾಂಗಲ್ ಸಿಕ್ಕಿಸಿ ಫೋನಿನಲ್ಲಿ ನೋಡಿದೆ. ಎಂಜಿನ್ ಬಿಸಿ ಸರಿಯಾಗಿ 190 ಡಿಗ್ರಿ ಮುಟ್ಟುತ್ತಿತ್ತು, ಹಾಗಾಗಿ ಥರ್ಮೋಸ್ಟಾಟ್ ಸರಿಯಿದೆ. ಆಕ್ಸಿಜನ್ ಸೆನ್ಸರ್ ಸರಿಯಿದೆ. ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಹೋಗ್ತಿದೆ. ಒಂದೇ ಒಂದು ಎರರ್ ಕೋಡ್ ಇಲ್ಲ.

ಯಂತ್ರ ನಿರಪರಾಧಿ ಅಂತ ತೀರ್ಪು ಕೊಟ್ಟು, ನಾನು ಮನುಷ್ಯರ ಕಡೆ ತಿರುಗಿದೆ. ಈ ಬರಹದಲ್ಲಿ ಹೇಳೋಕೆ ನಾಚಿಕೆಯಾಗೋ ಭಾಗ ಇದೇ.

ನನ್ನ ಹೆಂಡತಿಗೆ ನವೆಂಬರ್ ಮೊದಲ ವಾರದಲ್ಲಿ ಲೈಸೆನ್ಸ್ ಸಿಕ್ಕಿತ್ತು. ಎಡಿಸನ್‌ನಲ್ಲಿ ಕಾರಿಲ್ಲದೆ ಬದುಕೋದು ಏನಂತ ಇಲ್ಲಿರೋರಿಗೆ ಹೇಳಬೇಕಾಗಿಲ್ಲ. ಊರಲ್ಲಿ ಕಾಲೇಜಿನಲ್ಲಿ ಪಾಠ ಮಾಡ್ತಿದ್ದವಳು ಇಲ್ಲಿಗೆ ಬಂದ ಮೇಲೆ ಒಂದು ಕೊತ್ತಂಬರಿ ಕಟ್ಟಿಗೂ ನಾನು ಆಫೀಸಿನಿಂದ ಬರೋದನ್ನ ಕಾಯಬೇಕಿತ್ತು. ಲೈಸೆನ್ಸ್ ಬಂದ ಮೇಲೆ ನಾನು ಮನೆಯಿಂದ ಕೆಲಸ ಮಾಡೋ ದಿನ ಲೈಬ್ರರಿಗೆ, ಓಕ್ ಟ್ರೀ ರೋಡಿನ ಅಂಗಡಿಗಳಿಗೆ ಅವಳೇ ಹೋಗಿ ಬರ್ತಿದ್ಲು. ಮುಖದಲ್ಲಿ ಒಂದು ಗೆಲುವಿತ್ತು. ನಾನು ನೋಡಿದ್ದು ಮಾತ್ರ ನನ್ನ ಶೀಟಿನ ಗೆರೆಯನ್ನ. ಗೆರೆ ಇಳಿಯೋಕೆ ಶುರುವಾಗಿದ್ದು ನವೆಂಬರ್‌ನಲ್ಲಿ!

ಒಂದು ರಾತ್ರಿ ಊಟ ಮಾಡ್ತಾ ಗ್ರಾಫ್ ತೋರಿಸಿದೆ. "ನೀನು ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಓಡಿಸ್ತೀಯಾ ಅನ್ಸುತ್ತೆ" ಅಂದೆ. ತಮಾಷೆಯಾಗಿ ಅಂದೆ ಅಂತ ನಾನು ಅಂದ್ಕೊಂಡಿದ್ದೆ.

ಅವಳು ಜಗಳ ಆಡಲಿಲ್ಲ. "ಇರಬಹುದು" ಅಂದ್ಲು. ಮಾರನೇ ದಿನದಿಂದ ಕೀ ಮುಟ್ಟಲಿಲ್ಲ. ಕೇಳಿದ್ರೆ ಹೊರಗೆ ಚಳಿ ಅನ್ನೋಳು, ಸ್ನೋ ಅನ್ನೋಳು. ಕೊತ್ತಂಬರಿ ಮತ್ತೆ ನನ್ನ ಪಟ್ಟಿಗೆ ಬಂತು. ನಾನೂ ಹೆಚ್ಚು ಕೇಳೋಕೆ ಹೋಗಲಿಲ್ಲ, ನಿಜ ಹೇಳಬೇಕಂದ್ರೆ ಒಳಗೊಳಗೆ ಇನ್ನು ಗೆರೆ ಮೇಲೇಳುತ್ತೆ ಅಂತ ಕಾಯ್ತಿದ್ದೆ.

ಮುಂದಿನ ಮೂರು ಟ್ಯಾಂಕ್ ನಾನೊಬ್ಬನೇ ಓಡಿಸಿದ್ದು. 22, 22, 21.5.

ಆಫೀಸಿನಲ್ಲಿ ಜೂನಿಯರ್‌ಗಳಿಗೆ ನಾನೇ ಹೇಳಿಕೊಡೋ ಪಾಠ, ಎರಡು ವಿಷಯ ಒಟ್ಟಿಗೆ ಆದ್ವು ಅಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯ್ತು ಅಂತಲ್ಲ, ಮೊದಲು ಒಂದನ್ನ ತೆಗೆದು ನೋಡು. ನಾನು ತೆಗೆದೇನೋ ನೋಡಿದ್ದೆ, ಆದ್ರೆ ಅವಳ ಖುಷಿಯನ್ನ ತೆಗೆದು!

ಆ ಭಾನುವಾರ ಅಪ್ಪನಿಗೆ ಫೋನ್ ಮಾಡಿದಾಗ ಎಲ್ಲಾ ಒದರಿದೆ. ಸೆನ್ಸರ್ ಕಥೆಯೆಲ್ಲ ತಾಳ್ಮೆಯಿಂದ ಕೇಳಿದ ಅಪ್ಪ ಒಂದೇ ಪ್ರಶ್ನೆ ಹಾಕಿದ್ರು.

"ಗಾಲಿ ಮುಟ್ಟಿ ನೋಡಿದ್ಯಾ?"

"ಯಾಕೆ?"

"ಎಂಜಿನ್ ಸರಿಯಿದೆ ಅಂತ ನೀನೇ ಹೇಳ್ತೀಯ. ಹಾಗಾದ್ರೆ ಏನೋ ಹಿಡ್ಕೊಂಡಿದೆ ಮಾರಾಯ. ಜಾಸ್ತಿ ಬ್ರೇಕ್ ಒತ್ತದೆ ಇಪ್ಪತ್ತು ಕಿಲೋಮೀಟರ್ ಓಡಿಸಿ, ನಿಲ್ಸಿ, ನಾಲ್ಕೂ ಗಾಲಿ ಹತ್ರ ಕೈ ಹಿಡಿದು ನೋಡು. ಕಬ್ಬಿಣಕ್ಕೆ ಕೈ ಹಚ್ಚಬೇಡ, ಸುಡುತ್ತೆ."

ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ನಾನು ಯಾವತ್ತೂ ಕೇಳಿರದ ಒಂದು ವಿಷಯ ಹೇಳಿದ್ರು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅವರು ಸಾಗರ–ಶಿವಮೊಗ್ಗ ರೂಟಿನಲ್ಲಿ ಓಡಿಸ್ತಿದ್ದ ಬಸ್ಸಿಗೆ ಇದ್ದಕ್ಕಿದ್ದ ಹಾಗೆ ಡೀಸೆಲ್ ಜಾಸ್ತಿ ಬೇಕಾಗೋಕೆ ಶುರುವಾಯ್ತಂತೆ. ಡೀಸೆಲ್ ಮಾರ್ಕೋತಿದಾನೆ ಅಂತ ಮಾಲೀಕರಿಗೆ ಅನುಮಾನ. ಆ ತಿಂಗಳ ಸಂಬಳದಲ್ಲಿ ದುಡ್ಡು ಹಿಡಿದ್ರು. ಅಪ್ಪ ಏನೂ ಮಾತಾಡದೆ, ದಿನಾ ಆನಂದಪುರದಲ್ಲಿ ಬಸ್ಸು ನಿಂತಾಗ ಟೀ ಕುಡಿಯೋ ಹೊತ್ತಲ್ಲಿ ಗಾಲಿ ಗಾಲಿ ನೋಡ್ಕೊಂಡು ಬರ್ತಿದ್ರಂತೆ. ನಾಲ್ಕನೇ ದಿನ ಒಂದು ಡ್ರಮ್ಮು ಕಾದ ಬಾಣಲೆ ಆಗಿತ್ತು. ಬ್ರೇಕ್ ಬಿಡ್ತಿರಲಿಲ್ಲ.

"ದುಡ್ಡು ವಾಪಸ್ ಕೊಟ್ರಾ?"

"ಕೊಟ್ರು. ಆದ್ರೆ ಒಂದು ಮಾತು ಹೇಳ್ಲಿಲ್ಲ ನೋಡು, ತಪ್ಪಾಯ್ತು ಅಂತ." ಮತ್ತೆ ತಾವೇ ಮಾತು ತಿರುಗಿಸಿ, "ಸೊಸೆ ಗಾಡಿ ಓಡಿಸ್ತಿದಾಳಾ?" ಅಂದ್ರು. ನಾನು "ಹ್ಞೂಂ" ಅಂದೆ. ಸುಳ್ಳು.

ಮುಂದಿನ ಶನಿವಾರ ಬ್ರಿಡ್ಜ್‌ವಾಟರ್ ವೆಂಕಟೇಶ್ವರ ದೇವಸ್ಥಾನಕ್ಕೆ ಇಬ್ಬರೂ ಹೊರಟ್ವಿ. 287ರಲ್ಲಿ ಸಿಗ್ನಲ್ ಇಲ್ಲ, ಬ್ರೇಕ್ ಒತ್ತೋ ಕೆಲಸ ಕಡಿಮೆ. ನನ್ನ ಜೇಬಿನಲ್ಲಿ ದೋಸೆ ಕಾವಲಿ ಎಷ್ಟು ಕಾದಿದೆ ಅಂತ ನೋಡೋಕೆ ತಗೊಂಡಿದ್ದ ಇನ್‌ಫ್ರಾರೆಡ್ ಥರ್ಮಾಮೀಟರ್. ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಕಾರು ನಿಲ್ಲಿಸಿ ಒಂದೊಂದೇ ಗಾಲಿ ಮುಂದೆ ಕುಕ್ಕರಗಾಲಿನಲ್ಲಿ ಕೂತು ನೋಡ್ತಾ ಬಂದೆ. ಪಕ್ಕದ ಕಾರಿನವರು ವಾಹನ ಪೂಜೆ ಇರಬೇಕು ಅಂದ್ಕೊಂಡು ದಾರಿ ಬಿಟ್ಟು ನಿಂತ್ರು. ಎಡಗಡೆ ಹಿಂದಿನ ಗಾಲಿಯ ಡಿಸ್ಕು 95 ಡಿಗ್ರಿ ಫ್ಯಾರನ್‌ಹೀಟ್. ಬಲಗಡೆ ಹಿಂದಿನದು 240! ಉಳಿದ ಮೂರು ಗಾಲಿಗಳ ಒಳಗೆ ಮಂಜು, ಉಪ್ಪು ಮೆತ್ಕೊಂಡಿತ್ತು. ಇದೊಂದು ಮಾತ್ರ ಒಣಗಿ ಗರಿಗರಿ ಆಗಿತ್ತು. ದಿನಾ ಕಣ್ಣೆದುರಿಗೇ ಇದ್ದದ್ದು.

ಅವಳು ಬಗ್ಗಿ ಅಂಕಿ ಓದಿದ್ಲು. "ಅಂದ್ರೆ... ನಾನಲ್ಲ?"

"ನೀನಲ್ಲ."

ಸೋಮವಾರ ಮೆಕ್ಯಾನಿಕ್ ಗಾಲಿ ಬಿಚ್ಚಿ ತೋರಿಸಿದ. ಇಲ್ಲಿ ಸ್ನೋ ಬಿದ್ದಾಗ ರಸ್ತೆಗೆ ಉಪ್ಪು ಸುರೀತಾರಲ್ಲ, ಅದು ಬ್ರೇಕ್ ಕ್ಯಾಲಿಪರ್‌ನ ಪಿನ್ನುಗಳಿಗೆ ತಗುಲಿ ತುಕ್ಕು ಹಿಡಿದಿತ್ತು. ಪೆಡಲ್ ಬಿಟ್ಟ ಮೇಲೂ ಪ್ಯಾಡು ಹಿಂದೆ ಸರಿಯದೆ ಡಿಸ್ಕಿಗೆ ಉಜ್ಜುತ್ತಲೇ ಇತ್ತು. ಒಳಗಿನ ಪ್ಯಾಡು ಕಬ್ಬಿಣದವರೆಗೂ ಸವೆದು ಹೋಗಿತ್ತು, ಡಿಸ್ಕು ನೀಲಿ ಬಣ್ಣಕ್ಕೆ ತಿರುಗಿತ್ತು. "ಇನ್ನೂ ಸ್ವಲ್ಪ ದಿನ ಬಿಟ್ಟಿದ್ರೆ ಮೈಲೇಜಿನ ಚಿಂತೆ ಇರ್ತಿರಲಿಲ್ಲ" ಅಂದ ಪುಣ್ಯಾತ್ಮ. ನನಗೆ ನಗು ಬರಲಿಲ್ಲ. ನಾನು ಇವಳ ಕಾಲಿನ ಮೇಲೆ ಕಣ್ಣಿಟ್ಟು ಕೂತಿದ್ದಾಗ ಇಬ್ಬರೂ ಇದೇ ಬ್ರೇಕ್ ನಂಬಿಕೊಂಡು ಟರ್ನ್‌ಪೈಕಿನಲ್ಲಿ 65ರಲ್ಲಿ ಹೋಗಿ ಬಂದಿದ್ವಿ.

ಇನ್ನೊಂದು ಮಾತು, ಇಲ್ಲಿರೋರಿಗೆ ಉಪಯೋಗಕ್ಕೆ ಬರಬಹುದು. ನ್ಯೂಯಾರ್ಕಿನಲ್ಲಿ ಪ್ರತಿ ವರ್ಷ ಗಾಡಿಯ ಬ್ರೇಕ್ ಕೂಡಾ ಪರೀಕ್ಷೆ ಮಾಡ್ತಾರೆ. ನ್ಯೂಜೆರ್ಸಿಯಲ್ಲಿ ಸಾಮಾನ್ಯ ಕಾರುಗಳಿಗೆ ಆ ಯಾಂತ್ರಿಕ ತಪಾಸಣೆಯನ್ನ 2010ರ ಆಗಸ್ಟಿನಲ್ಲೇ ನಿಲ್ಲಿಸಿದ್ರು, ಈಗ ನೋಡೋದು ಹೊಗೆಗೆ ಸಂಬಂಧಪಟ್ಟದ್ದನ್ನ ಮಾತ್ರ. ಗಾಜಿನ ಮೇಲೆ ಸ್ಟಿಕ್ಕರ್ ಇದೆ ಅಂದ್ರೆ ಬ್ರೇಕ್ ಸರಿಯಿದೆ ಅಂತ ಅರ್ಥ ಅಲ್ಲ. ಕ್ಯಾಲಿಪರ್ ಹಿಡ್ಕೊಂಡಿದ್ರೆ ಕಾರಿನ ಕಂಪ್ಯೂಟರಿಗೂ ತಿಳಿಯಲ್ಲ, ಅದಕ್ಕೆ ಅಲ್ಲಿ ಕಣ್ಣಿಲ್ಲ. ಚಳಿಗಾಲ ಮುಗಿದ ಮೇಲೆ ಒಂದು ಸಲ ಗಾಲಿ ಬಿಚ್ಚಿಸಿ, ಪಿನ್ನು ತೊಳೆಸಿ ಗ್ರೀಸ್ ಹಚ್ಚಿಸಿ.

ಹೊಸ ಕ್ಯಾಲಿಪರ್, ಪ್ಯಾಡು, ಡಿಸ್ಕು ಹಾಕಿಸಿದ ಮೇಲಿನ ಮೊದಲ ಟ್ಯಾಂಕಿಗೆ 26 ಬಂತು. ಚಳಿಯ ಪಾಲು ಚಳಿಗೆ. ಏಪ್ರಿಲ್‌ನಲ್ಲಿ ಮತ್ತೆ 29.

ಆದ್ರೆ ಅಷ್ಟರೊಳಗೆ ಇನ್ನೊಂದು ರಿಪೇರಿ ಬಾಕಿ ಇತ್ತಲ್ಲ. ಮೆಕ್ಯಾನಿಕ್ ಹತ್ತಿರದಿಂದ ಬಂದ ದಿನ ಸಂಜೆ ಕೀ ತಂದು ಅವಳ ಮುಂದಿಟ್ಟೆ. ಬರೀ ಕೀ ಇಟ್ಟು ಸುಮ್ಮನಾಗೋಣ ಅಂತಲೇ ಮೊದಲು ಅನ್ನಿಸಿದ್ದು, ಗಂಡಸರ ಪದ್ಧತಿ ನೋಡಿ. ಇಪ್ಪತ್ತು ವರ್ಷ ಕಳೆದ ಮೇಲೂ ಅಪ್ಪನ ದನಿಯಲ್ಲಿ ಉಳಿದಿದ್ದ ಆ 'ಒಂದು ಮಾತು' ನೆನಪಾಯ್ತು.

"ತಪ್ಪಾಯ್ತು" ಅಂದೆ. "ಓಡಿಸೋದ್ರಲ್ಲಿ ನಿಂದೇನೂ ತಪ್ಪಿರಲಿಲ್ಲ. ನಾನು ನೋಡದೇ ಹೇಳ್ಬಿಟ್ಟೆ."

ಅವಳು ಸ್ವಲ್ಪ ಹೊತ್ತು ಕೀ ಕಡೆನೇ ನೋಡ್ತಿದ್ಲು. "ಆ ಗ್ರಾಫ್ ತೆಗಿ" ಅಂದ್ಲು. ಲ್ಯಾಪ್‌ಟಾಪ್ ತೆರೆದೆ. "ನವೆಂಬರ್ ಹತ್ರ ನನ್ನ ಹೆಸರು ಬರೆದಿದೀಯಲ್ಲ, ಅದನ್ನ ಅಳಿಸು."

ಅಳಿಸಿದೆ.

ಮಾರನೇ ದಿನ ಹನ್ನೊಂದು ಗಂಟೆಗೆ ನಾನು ಮೀಟಿಂಗಿನಲ್ಲಿದ್ದಾಗ ಬಾಗಿಲು ಹಾಕಿದ ಸದ್ದಾಯ್ತು. ಕಿಟಕಿಯಿಂದ ನೋಡಿದ್ರೆ, ಕಾರಿನ ಹತ್ತಿರ ಹೋದವಳು ಬಾಗಿಲು ತೆಗೆಯೋ ಮುಂಚೆ ಒಂದು ಸುತ್ತು ಬಂದು ನಾಲ್ಕೂ ಗಾಲಿ ನೋಡಿದ್ಲು. ಆಮೇಲೆ ಹೊರಟಳು. ಮಧ್ಯಾಹ್ನ ಬಂದಾಗ ಕೈಯಲ್ಲಿ ಕೊತ್ತಂಬರಿ ಕಟ್ಟು, ಎರಡು ಲೈಬ್ರರಿ ಪುಸ್ತಕ. ಎಷ್ಟು ಮೈಲಿ ಹೋಗಿದ್ದೆ ಅಂತ ನಾನು ಕೇಳಲಿಲ್ಲ.